ಚಾಂದ್ ಬೀಬಿ: ಕೋಟೆಯಿಂದ ಕಾಮಿಕ್ಸ್‌ವರೆಗೆ

ವಂಡರ್ ವುಮನ್ ಗೊತ್ತಿಲ್ಲದವರು ನಮ್ಮ ಹಾಸ್ಟೆಲ್‌ನಲ್ಲಿ ಸಿಗಲಿಕ್ಕಿಲ್ಲ. 1941ರಲ್ಲಿ ಅವಳನ್ನು ಸೃಷ್ಟಿಸಿದವನು ವಿಲಿಯಂ ಮಾರ್ಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞ. ರಕ್ತದೊತ್ತಡ ನೋಡಿ ಸುಳ್ಳು ಪತ್ತೆ ಮಾಡುವ ಪ್ರಯೋಗ ಮಾಡಿದವನೂ ಅವನೇ. ಅವಳ ಕೈಗೆ ಸತ್ಯ ಹೇಳಿಸುವ ಹಗ್ಗ ಸಿಕ್ಕಿದ್ದು ಸುಮ್ಮನೆ ಇರಲಿಕ್ಕಿಲ್ಲ! 1968ರಲ್ಲಿ ಕಥೆಗಾರರು ಅವಳ ಶಕ್ತಿಗಳನ್ನೆಲ್ಲ ಕಿತ್ತುಕೊಂಡರು, 1973ರಲ್ಲಿ ವಾಪಸ್ ಕೊಟ್ಟರು. ನಾಯಕಿಗೆ ಯಾವ ಶಕ್ತಿ ಇರಬೇಕು ಅಂತ ತೀರ್ಮಾನ ಮಾಡೋರು ಕಥೆ ಹೇಳೋರು.

ನಮ್ಮ ಸೀಮೆಯ ಇತಿಹಾಸದಿಂದ ಕಾಮಿಕ್ಸ್‌ಗೆ ಹೋದ ಚಾಂದ್ ಬೀಬಿಗೂ ಇದೇ ಆಗಿದೆ. ಆಕೆ ಅಹ್ಮದನಗರದ ನಿಜಾಮಶಾಹಿ ಮನೆಯ ಮಗಳು, ಬಿಜಾಪುರದ ಒಂದನೇ ಅಲಿ ಆದಿಲ್‌ಶಾಹನ ಹೆಂಡತಿ. 1580ರಲ್ಲಿ ಗಂಡ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಂ ಇನ್ನೂ ಚಿಕ್ಕ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಳ್ಳೋ ಜವಾಬ್ದಾರಿ ಈಕೆಯ ಮೇಲೆ ಬಿತ್ತು. ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಸೀಮೆ ಆಗ ಬಿಜಾಪುರದ ಕೈಯಲ್ಲಿತ್ತು. ಅಂದ್ರೆ ನಮ್ಮ ಊರುಗಳೂ ಆಕೆಯ ಆಡಳಿತ ಕಂಡಿವೆ. ಕಿಶ್ವರ್ ಖಾನ್ ಅನ್ನೋ ಮಂತ್ರಿ ಆಕೆಯನ್ನು ಸಾತಾರಾ ಕೋಟೆಗೆ ಸೆರೆಗೆ ಕಳಿಸಿದ. ಸರದಾರರು ಅವನ ಮೇಲೆ ತಿರುಗಿಬಿದ್ದ ಮೇಲೆ ವಾಪಸ್ ಬಂದಳು.

ಆದರೆ ಹೆಸರಾದದ್ದು ಅಹ್ಮದನಗರದಲ್ಲಿ. 1595ರ ಕೊನೆಗೆ ಅಕ್ಬರನ ಮಗ ಮುರಾದ್ ಕೋಟೆಗೆ ಮುತ್ತಿಗೆ ಹಾಕಿದ. ಸಿವಿಲ್, ಮೈನಿಂಗ್ ಬ್ರಾಂಚಿನವರು ಇಲ್ಲಿ ಸ್ವಲ್ಪ ಗಮನ ಕೊಡ್ರಿ. ಮೊಘಲರು ಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬಿದರು. ಒಳಗಿನವರಿಗೆ ಸುಳಿವು ಸಿಕ್ಕಿತು. ಅವರು ಒಳಗಿಂದ ಅಗೆದು ಕೆಲವು ಸುರಂಗಗಳ ಮದ್ದನ್ನು ಖಾಲಿ ಮಾಡಿದರು. ಉಳಿದದ್ದೊಂದು ಸಿಡಿದು ಗೋಡೆ ಬಾಯಿಬಿಟ್ಟಿತು. ಚಾಂದ್ ಬೀಬಿ ಮುಖಕ್ಕೆ ಪರದೆ ಹಾಕಿ, ಕತ್ತಿ ಹಿಡಿದು ಆ ಬಿರುಕಿನಲ್ಲೇ ಬಂದು ನಿಂತಳಂತೆ. ಕತ್ತಲಾಗೋವರೆಗೂ ಮೊಘಲರು ಒಳಗೆ ಬರಲಾಗಲಿಲ್ಲ, ಬೆಳಗಾಗೋದರೊಳಗೆ ಗೋಡೆ ಮತ್ತೆ ಎದ್ದಿತ್ತು. ಮರುವರ್ಷ ಬೇರಾರ್ ಬಿಟ್ಟುಕೊಟ್ಟು ಸಂಧಿ ಆಯಿತು. ನನ್ನ ಲೆಕ್ಕದಲ್ಲಿ ಇಡೀ ಕಥೆಯಲ್ಲಿ ದೊಡ್ಡ ಸಾಹಸ ಅಂದ್ರೆ ಆ ರಾತ್ರಿಯ ಗೋಡೆ ಕೆಲಸ. ಪ್ಲಾನ್, ಆಳು, ಕಲ್ಲು ಎಲ್ಲಾ ಒಂದೇ ರಾತ್ರಿಯಲ್ಲಿ. ನಮಗೆ ಲ್ಯಾಬ್ ರೆಕಾರ್ಡ್ ಮುಗಿಸಲಿಕ್ಕೆ ಎಷ್ಟು ರಾತ್ರಿ ಬೇಕು ಅಂತ ಕೇಳಬೇಡಿ.

ಇತಿಹಾಸಕಾರ ಫಿರಿಶ್ತಾ ಆಕೆಯ ಕಾಲದವನೇ, ಬಿಜಾಪುರದ ಆಶ್ರಯದಲ್ಲಿ ಬರೆದವನು. ನಂತರ ಜನರ ಬಾಯಲ್ಲಿ ಹೊಸ ಶಕ್ತಿಗಳು ಸೇರಿಕೊಂಡವು: ಗುಂಡು ಮುಗಿದಾಗ ಬೆಳ್ಳಿ-ಬಂಗಾರವನ್ನೇ ತೋಪಿಗೆ ತುಂಬಿ ಹಾರಿಸಿದಳು ಅನ್ನೋ ಕಥೆ ಅಂಥದ್ದು. 18ನೇ ಶತಮಾನದ ದಖನಿ ಚಿತ್ರಕಾರರು ಕುದುರೆ ಮೇಲೆ ಗಿಡುಗ ಹಿಡಿದು ಬೇಟೆಗೆ ಹೊರಟ ಚಾಂದ್ ಬೀಬಿಯನ್ನು ಬರೆದರು. ಕೋಟೆ, ಯುದ್ಧ ಯಾವುದೂ ಇಲ್ಲದ ಆ ಭಂಗಿಯೇ ಆಕೆಯ ಗುರುತಾಯಿತು.

ಮುಂದಿನ ಕೊಂಡಿ ಜೇವರ್ಗಿಯಿಂದ ಶಹಾಪುರದ ಮೇಲೆ ಹೋದರೆ ಸಿಗುವ ಸುರಪುರದಲ್ಲಿದೆ. ಅಲ್ಲಿ ಬಾಲರಾಜನ ಕಾಲದಲ್ಲಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನಿದ್ದ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಮುಂದೆ ಆಳಂದದಾಚೆ, ಈಗಿನ ಮಹಾರಾಷ್ಟ್ರದ ನಳದುರ್ಗದಲ್ಲೂ ಕೆಲಸ ಮಾಡಿದ. ಈ ನೆಲ ಸುತ್ತಿದ ಮನುಷ್ಯ ಚಾಂದ್ ಬೀಬಿ ಮೇಲೆ ಬರೆದ ಇಂಗ್ಲಿಷ್ ಕಾದಂಬರಿ ‘ಎ ನೋಬಲ್ ಕ್ವೀನ್’ 1878ರಲ್ಲಿ, ಅವನು ತೀರಿಕೊಂಡ ಮೇಲೆ, ಹೊರಬಂತು. ಹೆಸರಲ್ಲೇ ನೋಡ್ರಿ, ಆಡಳಿತಗಾರ್ತಿ ಹೋಗಿ ಉದಾತ್ತ ರಾಣಿ ಬಂದಳು.

ಆಮೇಲೆ ಕಾಮಿಕ್ಸ್. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಶುರು ಮಾಡಿದ ಅಮರ ಚಿತ್ರ ಕಥಾ ಮಾಲೆಯಲ್ಲಿ ‘ಚಾಂದ್ ಬೀಬಿ’ ಪುಸ್ತಕವೂ ಬಂತು. ಆ ಮಾಲೆಯ ಒಂದು ಪುಸ್ತಕ ಅಂದ್ರೆ ಸಾಮಾನ್ಯವಾಗಿ 32 ಪುಟ. ಅಷ್ಟರಲ್ಲಿ ಒಂದು ಜೀವ ಹಿಡಿಸೋದು ಕಷ್ಟ. ಕತ್ತಿ ಹಿಡಿದ ಹೆಣ್ಣು ಒಂದೇ ಚೌಕದಲ್ಲಿ ಕಣ್ಣಿಗೆ ಕಟ್ಟುತ್ತಾಳೆ. ಸರದಾರರ ಜಗಳ ಬಿಡಿಸೋ, ಎಳೆ ಹುಡುಗನ ಹೆಸರಲ್ಲಿ ರಾಜ್ಯ ನಡೆಸೋ ಹೆಣ್ಣನ್ನು ಹೇಗೆ ಬರೆಯೋದು?

ಕಥೆಯ ಕೊನೆಯೂ ಸೂಪರ್ ಹೀರೋಗೆ ಒಗ್ಗುವಂಥದ್ದಲ್ಲ. 1600ರಲ್ಲಿ ಮೊಘಲರು ಮತ್ತೆ ಬಂದಾಗ ಆಕೆ ಮಾತುಕತೆಗೆ ಒಲವು ತೋರಿದಳು. ವೈರಿಗೆ ಮಾರಿಕೊಂಡಳು ಅಂತ ಸುದ್ದಿ ಹಬ್ಬಿ, ಸ್ವಂತ ಜನರೇ ಕೊಂದರು. ಸ್ವಲ್ಪ ದಿನಕ್ಕೇ ಕೋಟೆಯೂ ಹೋಯಿತು.

ನಮ್ಮ ಕ್ಲಬ್‌ನಲ್ಲಿ ಚಿತ್ರ ಬರೆಯೋರು ಇದ್ದೀರಿ. ಯಾರಾದರೂ ಈ ಕಥೆ ಎತ್ತಿಕೊಂಡರೆ ಮೊದಲ ಪುಟ ಸಾತಾರಾದ ಸೆರೆಯಿಂದ ಶುರು ಮಾಡ್ರಿ. ಕುದುರೆ, ಗಿಡುಗ ಆಮೇಲೆ ನೋಡೋಣ.