ಒಂದು ‘ಒಳಗೆ’, ಇಂಗ್ಲಿಷಿನಲ್ಲಿ ಎರಡು

ಒಂಬತ್ತನೇ ತರಗತಿಯ ಅಭ್ಯಾಸ ಪಾಠದಲ್ಲಿ ‘ಶುಕ್ರವಾರದೊಳಗೆ ನೋಟ್‌ಬುಕ್ ಕೊಡಿ’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದೆ. ಹೆಚ್ಚಿನ ಮಕ್ಕಳು ‘ವಿದಿನ್ ಫ್ರೈಡೆ’ ಎಂದು ಬರೆದರು, ಕೆಲವರು ‘ಅಂಟಿಲ್ ಫ್ರೈಡೆ’ ಎಂದರು. ‘ಬೈ ಫ್ರೈಡೆ’ ಯಾರಿಗೂ ಹೊಳೆಯಲಿಲ್ಲ. ಅವರು ಬಲ್ಲ ‘ಬೈ’ ಎಂದರೆ ‘ಬೈ ಬಸ್’ನ ‘ಬೈ’ ಮಾತ್ರ. ನಾನು ಸರಿಯುತ್ತರವನ್ನು ಹಲಗೆಯ ಮೇಲೆ ಬರೆದು ಮುಂದೆ ಹೋದೆ. ಮರುದಿನದ ಮನೆಗೆಲಸದಲ್ಲಿ ಮತ್ತೆ ಅದೇ ತಪ್ಪು.

ತಪ್ಪಿನ ಬೇರು ಕನ್ನಡದಲ್ಲೇ ಇತ್ತು. ‘ಎರಡು ದಿನದೊಳಗೆ’, ‘ಶುಕ್ರವಾರದೊಳಗೆ’ ಎರಡಕ್ಕೂ ನಮಗೆ ಒಂದೇ ‘ಒಳಗೆ’ ಸಾಕು. ಇಂಗ್ಲಿಷಿಗೆ ಸಾಲದು. ಎರಡು ದಿನ ಎಂಬುದು ಅಳತೆಯ ಅವಧಿ, ಅದಕ್ಕೆ ‘ವಿದಿನ್’. ಶುಕ್ರವಾರ ಎಂಬುದು ಗಡುವು, ಅದಕ್ಕೆ ‘ಬೈ’. ಮುಂದಿನ ಪಾಠದಲ್ಲಿ ಈ ಎರಡು ಕನ್ನಡ ಮಾತುಗಳನ್ನೇ ಅಕ್ಕಪಕ್ಕ ಬರೆದು, ‘ಎಷ್ಟು ಹೊತ್ತು ಎಂದು ಹೇಳುವುದು ಯಾವುದು, ಯಾವಾಗ ಎಂದು ಹೇಳುವುದು ಯಾವುದು?’ ಎಂದು ಕೇಳಿದೆ. ನಿಯಮ ಹೇಳುವ ಮೊದಲೇ ಮಕ್ಕಳು ವಿಂಗಡಿಸಿದರು.

‘ಅಂಟಿಲ್’ ಅಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ‘ಐದರವರೆಗೆ ಓದು’ ಎಂದರೆ ಓದು ಐದರ ತನಕ ನಡೆಯುತ್ತಲೇ ಇರಬೇಕು. ‘ಐದರೊಳಗೆ ಓದಿ ಮುಗಿಸು’ ಎಂದರೆ ನಾಲ್ಕಕ್ಕೇ ಮುಗಿದರೂ ಸರಿ. ‘ವರೆಗೆ’ ಬಂದಲ್ಲಿ ‘ಅಂಟಿಲ್’ ಎಂಬಷ್ಟು ಈ ತರಗತಿಗೆ ಸಾಕಾಯಿತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: ‘ಟೀಚರ್, ಶುಕ್ರವಾರದೊಳಗೆ ಅಂದ್ರೆ ಶುಕ್ರವಾರ ಕೊಡಬಹುದಾ?’ ತರಗತಿ ಇಬ್ಭಾಗವಾಯಿತು. ಅರ್ಧ ಜನರಿಗೆ ಗುರುವಾರವೇ ಕೊನೆ. ಇಂಗ್ಲಿಷಿನ ‘ಬೈ ಫ್ರೈಡೆ’ಯಲ್ಲಿ ಸಾಮಾನ್ಯವಾಗಿ ಶುಕ್ರವಾರವೂ ಸೇರುತ್ತದೆ, ಆದರೆ ಅಲ್ಲಿಯೂ ಅನುಮಾನಕ್ಕೆ ಎಡೆಯಿರುವುದರಿಂದಲೇ ಕಚೇರಿ ಪ್ರಕಟಣೆಗಳಲ್ಲಿ ‘ಆನ್ ಆರ್ ಬಿಫೋರ್’ ಎಂದು ಬಿಡಿಸಿ ಬರೆಯುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವ ಮಗುವಿಗೆ ಈ ಒಂದು ದಿನ ಸಣ್ಣದಲ್ಲ. ಹಾಗಾಗಿ ಉಳಿದ ಹತ್ತು ನಿಮಿಷ ಪಠ್ಯ ಬಿಟ್ಟು ಇಂಥ ಪ್ರಕಟಣೆಗಳನ್ನೇ ಹಲಗೆಯ ಮೇಲೆ ಬರೆದು ಓದಿಸಿದೆ.

ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ, ಮೌಲ್ಯಮಾಪನದ ಹಂತವೂ ಉಳಿದುಹೋಯಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಅದನ್ನು ಗುರುತಿಸಿ, ಕೆಳಗೆ ‘ಮುಂದಿನ ಸಲ ಈ ಪ್ರಶ್ನೆಯಿಂದಲೇ ಆರಂಭಿಸಿ’ ಎಂದು ಬರೆದಿದ್ದರು.