ಗೆಸ್ ಮಾಡೋ ಮುಂಚೆ ಹಿಂದೆ ತಿರುಗಿ ನೋಡಿ: 'ಇಬ್ರತ್' ಅನ್ನೋ ಪಾಠ

ಕಳೆದ ಏಪ್ರಿಲ್‌ನಲ್ಲಿ ಕುಣಿಗಲ್ ಹತ್ತಿರದ ನಮ್ಮ ತೋಟದಲ್ಲಿ ಮೂರನೇ ಬೋರ್‌ವೆಲ್ ಕೊರೆಸೋ ಮಾತು ನಡೀತಿತ್ತು. ಮೊದಲೆರಡೂ ಫೇಲ್ ಆಗಿದ್ದವು. ಪಾಯಿಂಟ್ ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟವೆಲ್ಲ ಓಡಾಡಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. "ಇಲ್ಲಿ ಮೂರಿಂಚು ನೀರು ಗ್ಯಾರಂಟಿ" ಅಂದರು. ಅಬ್ಬಾ ಸಾಲಕ್ಕೆ ಓಡಾಡೋಕೆ ಶುರು ಮಾಡಿದರು. ನನ್ನ ಕಾಲೇಜ್ ಫೀಸಿಗೆ ಅಂತ ತೆಗೆದಿಟ್ಟಿದ್ದ ದುಡ್ಡೂ ಆ ಗುಂಡಿಗೇ ಹೋಗುವುದಿತ್ತು.

ದಾದಾ ಒಂದೇ ಪ್ರಶ್ನೆ ಕೇಳಿದರು: "ಮೊದಲ ಎರಡು ಬೋರ್‌ನಿಂದ ಏನು ಇಬ್ರತ್ ತಗೊಂಡೆ?" ಅಬ್ಬಾ ಹತ್ತಿರ ಉತ್ತರ ಇರಲಿಲ್ಲ. ನನಗಂತೂ ಆ ಪದದ ಅರ್ಥವೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ಪದಗಳು

'ಇಬ್ರತ್' ಅಂದರೆ ಆಗಿಹೋದ ಘಟನೆಯಿಂದ ಕಲಿಯುವ ಪಾಠ. ಇದರ ಅರಬಿ ಧಾತುವಿಗೆ 'ದಾಟು' ಅನ್ನೋ ಅರ್ಥ ಇದೆ. ನದಿಯ ಈ ದಡದಿಂದ ಆ ದಡಕ್ಕೆ ದಾಟಿದ ಹಾಗೆ, ಕಂಡದ್ದರಿಂದ ಕಾಣದ್ದಕ್ಕೆ ದಾಟುವುದು. ಯೂಸುಫ್ ಪ್ರವಾದಿಗಳ ಕಥೆ ಹೇಳುವ ಕುರ್‌ಆನಿನ 12ನೇ ಅಧ್ಯಾಯ ಮುಗಿಯುವುದೇ, ಹಿಂದಿನವರ ಕಥೆಗಳಲ್ಲಿ ಬುದ್ಧಿಯುಳ್ಳವರಿಗೆ ಇಬ್ರತ್ ಇದೆ ಎಂಬ ಮಾತಿನೊಂದಿಗೆ. ಭೂಮಿಯ ಮೇಲೆ ಓಡಾಡಿ, ಮುಂಚಿನವರ ಗತಿ ಏನಾಯಿತು ನೋಡಿ ಅಂತ ಬೇರೆ ಕಡೆಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಕೂತು ಊಹಿಸಿ ಅನ್ನೋದಿಲ್ಲ, ಹೋಗಿ ನೋಡಿ ಅನ್ನುತ್ತದೆ.

ಎರಡನೇ ಪದ 'ಝನ್ನ್', ಅಂದರೆ ಆಧಾರವಿಲ್ಲದ ಊಹೆ. ಊಹೆ ಎಂದೂ ಸತ್ಯದ ಜಾಗ ತುಂಬಲಾರದು ಅನ್ನೋದು 53ನೇ ಅಧ್ಯಾಯದ ಮಾತು. 49ನೇ ಅಧ್ಯಾಯ ಒಬ್ಬರ ಬಗ್ಗೆ ಒಬ್ಬರು ಮಾಡುವ ಊಹೆಯನ್ನೂ ಎಚ್ಚರಿಸುತ್ತದೆ, ನಂಬಿಕೆಗೆ ಯೋಗ್ಯನಲ್ಲದವನು ಸುದ್ದಿ ತಂದರೆ ಮೊದಲು ಪರೀಕ್ಷಿಸಿ ಅನ್ನುತ್ತದೆ. ಉರ್ದುವಿನಲ್ಲಿ ಝನ್ನ್‌ಗೆ 'ಗುಮಾನ್' ಅಂತಾರೆ. ಅದು ಪಾರಸಿ ಪದ. ನಾವು ಕನ್ನಡದಲ್ಲಿ "ಅವನ ಮೇಲೆ ಗುಮಾನಿ" ಅಂತೀವಲ್ಲ, ಅದೇ! ಪದ ನಮ್ಮ ನಾಲಿಗೆಗೆ ಯಾವತ್ತೋ ಬಂದಿದೆ, ಅದರ ಜೊತೆಗಿದ್ದ ಎಚ್ಚರಿಕೆ ಮಾತ್ರ ಬಂದ ಹಾಗಿಲ್ಲ.

ಖರ್ಜೂರದ ತೋಟದ ಪಾಠ

ನನಗೆ ತುಂಬಾ ಹಿಡಿಸಿದ್ದು 'ಸಹೀಹ್ ಮುಸ್ಲಿಂ' ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಂಗ. ಖರ್ಜೂರದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಮದೀನಾದ ರೈತರು ಗಂಡು ಹೂವನ್ನು ತಂದು ಹೆಣ್ಣು ಹೂವಿಗೆ ಕೈಯಿಂದಲೇ ಸೇರಿಸುತ್ತಿದ್ದರು. ಪ್ರವಾದಿ ಮುಹಮ್ಮದರು ಇದನ್ನು ನೋಡಿ, ಇದರಿಂದ ಉಪಯೋಗ ಇದೆ ಅಂತ ನನಗನ್ನಿಸಲ್ಲ ಎಂದರಂತೆ. ರೈತರು ಬಿಟ್ಟುಬಿಟ್ಟರು, ಫಸಲು ಕಮ್ಮಿಯಾಯಿತು. ವಿಷಯ ಗೊತ್ತಾದಾಗ ಪ್ರವಾದಿಗಳು, ಅದು ನನ್ನ ಊಹೆಯಷ್ಟೇ ಆಗಿತ್ತು, ಉಪಯೋಗ ಇದ್ದರೆ ಮಾಡಿ, ನಿಮ್ಮ ಲೌಕಿಕ ಕೆಲಸ ನಿಮಗೇ ಚೆನ್ನಾಗಿ ಗೊತ್ತು ಎಂಬ ಅರ್ಥದಲ್ಲಿ ಹೇಳಿದರು. ಅಲ್ಲಿ 'ಊಹೆ'ಗೆ ಬಳಸಿದ್ದೂ ಇದೇ ಝನ್ನ್ ಪದ.

ಯೋಚಿಸಿ. ಸಮುದಾಯ ಅಷ್ಟೊಂದು ಗೌರವಿಸುವ ವ್ಯಕ್ತಿಯೇ ತನ್ನ ಊಹೆಯನ್ನು ಊಹೆ ಅಂತ ಒಪ್ಪಿಕೊಂಡು, ರೈತರ ಅನುಭವವನ್ನು ಮೇಲಿಟ್ಟರು. ನಾವು ವೈವಾದಲ್ಲೂ "ಸರ್, ಗೆಸ್ ಮಾಡಿದೆ" ಅಂತ ಒಪ್ಪಿಕೊಳ್ಳಲ್ಲ!

ಹಳೆಯದೆಲ್ಲ ನಿಜ ಅಲ್ಲ

ಹಾಗಂತ ಹಳಬರು ಹೇಳಿದ್ದೆಲ್ಲ ಸರಿನಾ? ಇಲ್ಲಿ ಇಬ್ನ್ ಖಲ್ದೂನ್ ಬರುತ್ತಾರೆ. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿ, 1406ರಲ್ಲಿ ಕೈರೋದಲ್ಲಿ ತೀರಿಕೊಂಡ ಇತಿಹಾಸಕಾರ. ಅವರ ದೊಡ್ಡ ಇತಿಹಾಸ ಗ್ರಂಥದ ಹೆಸರು 'ಕಿತಾಬ್ ಅಲ್-ಇಬರ್', ಅಂದರೆ ಇಬ್ರತ್‌ಗಳ ಪುಸ್ತಕ. 1377ರಲ್ಲಿ ಬರೆದ ಅದರ ಪೀಠಿಕೆಯೇ ಪ್ರಸಿದ್ಧ 'ಮುಕದ್ದಿಮಾ'. ಮೂಸಾ ಪ್ರವಾದಿಗಳ ಸೈನ್ಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಇದ್ದರು ಅಂತ ಹಳೆಯ ಇತಿಹಾಸಕಾರರು ಬರೆದಿದ್ದರು. ಇವರು ಸುಮ್ಮನೆ ಒಪ್ಪಲಿಲ್ಲ. ಈಜಿಪ್ಟಿಗೆ ಬಂದದ್ದು ಸುಮಾರು 70 ಜನರ ಕುಟುಂಬ, ಕೆಲವೇ ತಲೆಮಾರುಗಳಲ್ಲಿ ಅಷ್ಟು ಜನ ಹೇಗಾದರು? ಅಷ್ಟು ದೊಡ್ಡ ಸೈನ್ಯ ಯುದ್ಧಕ್ಕೆ ನಿಂತರೆ ಈ ತುದಿಯವರಿಗೆ ಆ ತುದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತಾಗುವುದಾದರೂ ಹೇಗೆ? ಎಂದು ಕೇಳಿದರು. ಉತ್ತರ ಬಂದ ಮೇಲೆ ಇಷ್ಟು ಆಗೋಕೆ ಸಾಧ್ಯನಾ ಅಂತ ನಾವು ಚೆಕ್ ಮಾಡಬೇಕಲ್ಲ, ಅದೇ ಕೆಲಸ. ಅಂದರೆ ಹಿಂದಿನದರಿಂದ ಕಲಿಯೋಕೆ ಮುಂಚೆ ಹಿಂದಿನದನ್ನೂ ಪರೀಕ್ಷಿಸಬೇಕು.

ಮತ್ತೆ ನಮ್ಮ ತೋಟಕ್ಕೆ

ದಾದಾ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಅಕ್ಕಪಕ್ಕದ ತೋಟಗಳಿಗೆ ಕಳಿಸಿದರು. ಬೋರ್ ಹಾಕಿಸಿದ್ದು ಯಾವ ವರ್ಷ, ಎಷ್ಟು ಅಡಿ, ನೀರು ಎಷ್ಟು ದಿನ ಬಂತು, ಆಗ ಊರ ಕೆರೆ ತುಂಬಿತ್ತಾ. ಪ್ರತಿ ಬೋರ್ ಬಗ್ಗೆ ಇಬ್ಬರನ್ನಾದರೂ ಕೇಳಬೇಕು ಅನ್ನೋದು ಅವರ ಷರತ್ತು. ಹದಿನಾಲ್ಕು ಬೋರ್‌ಗಳ ಲೆಕ್ಕ ಸಿಕ್ಕಿತು. ಅದರಲ್ಲಿ ಒಂಬತ್ತು ಒಣಗಿದ್ದವು. ಉಳಿದ ಐದರಲ್ಲಿ ನಾಲ್ಕು ಕೆರೆಯ ಅಚ್ಚುಕಟ್ಟಿನಲ್ಲೇ ಇದ್ದವು. ಕೆರೆ ತುಂಬಿದ ವರ್ಷ ಅವುಗಳಿಗೂ ಜೀವ ಬರುತ್ತಿತ್ತು. ನಮ್ಮ ಪಾಯಿಂಟ್ ಇದ್ದದ್ದು ಎತ್ತರದ ದಿಣ್ಣೆಯ ಮೇಲೆ. ಅಲ್ಲಿ ಸುತ್ತ ಒಂದೂ ಉಳಿದಿರಲಿಲ್ಲ.

ನಮ್ಮ ಕಡೆ ಕೆಳಗೆ ಗಟ್ಟಿ ಬಂಡೆ. ನೀರು ಇರುವುದು ಮೇಲಿನ ಸಡಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಮೇಲಿಂದ ನೀರು ಇಂಗದಿದ್ದರೆ ಬಿರುಕಿಗೆ ಬರುವುದೆಲ್ಲಿಂದ? ಗುಬ್ಬಿ, ಕುಣಿಗಲ್ ಕಡೆ ಹಿರಿಯರು ಇಷ್ಟೊಂದು ಕೆರೆ ಕಟ್ಟಿದ್ದು ಸುಮ್ಮನೆ ಅಲ್ಲ. ಹದಿನಾಲ್ಕು ಬೋರ್ ಸಣ್ಣ ಡೇಟಾ, ನಿಜ. ಆದರೆ ಎದ್ದು ನಿಂತ ತೆಂಗಿನಕಾಯಿಗಿಂತ ವಾಸಿ.

ವಿಶ್ವಾಸಿ ಒಂದೇ ಬಿಲದಲ್ಲಿ ಎರಡು ಸಲ ಕಚ್ಚಿಸಿಕೊಳ್ಳಲ್ಲ ಅನ್ನೋ ಹದೀಸ್ ಇದೆ. ದಾದಾ ನಗುತ್ತಾ, "ನಾವು ಎರಡು ಸಲ ಕಚ್ಚಿಸಿಕೊಂಡಾಯ್ತು, ಮೂರನೇದಕ್ಕೆ ಸಾಲ ಬೇರೆ ಮಾಡಬೇಕಾ?" ಅಂದರು. ಅಬ್ಬಾ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಬೋರ್ ಬೇಡ ಅಂತಾಯ್ತು, ಆ ದುಡ್ಡಿನ ಒಂದು ಭಾಗದಲ್ಲಿ ಕೃಷಿ ಹೊಂಡ ತೆಗೆಸಿದೆವು.

ಎರಡು ಎಚ್ಚರಿಕೆ

ಒಂದು, ಇಬ್ರತ್ ಅಂದರೆ ಕೊರಗುವುದಲ್ಲ. "ಹಾಗೆ ಮಾಡಿದ್ದಿದ್ದರೆ ಹೀಗಾಗ್ತಿತ್ತು" ಅಂತ ಹಲುಬಬೇಡಿ, ಅದು ಸೈತಾನನಿಗೆ ಬಾಗಿಲು ತೆರೆಯುತ್ತದೆ ಅಂತಲೂ ಹದೀಸ್ ಇದೆ. ಅದೂ ಊಹೆಯೇ, ಹಿಂದಕ್ಕೆ ತಿರುಗಿದ ಊಹೆ ಅಷ್ಟೇ. ಮೊದಲೆರಡು ಬೋರ್‌ಗೆ ಹೋದ ದುಡ್ಡಿನ ಬಗ್ಗೆ ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ.

ಎರಡು, ಊಹೆ ಬೇಡ ಅಂದರೆ ಯೋಜನೆ ಬೇಡ ಅಂತಲ್ಲ. ಯೂಸುಫರು ಏಳು ವರ್ಷದ ಬರಕ್ಕೆ ಮುಂಚೆಯೇ ಧಾನ್ಯವನ್ನು ತೆನೆಯಲ್ಲೇ ಕೂಡಿಡಿಸಿದರಲ್ಲ!

ಇನ್ನು ನಮ್ಮ ವಿಷಯ. ಇಂಟರ್ನಲ್ಸ್ ಹಿಂದಿನ ರಾತ್ರಿ "ಪಕ್ಕಾ ಬರೋ ಪ್ರಶ್ನೆಗಳು" ಅಂತ ಲಿಸ್ಟ್ ಬರುತ್ತದೆ. ಅದನ್ನು ಓದುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರು ಹೇಳಿದ್ದು? ಹೋದ ಸಲದ ಲಿಸ್ಟ್‌ನಲ್ಲಿ ಎಷ್ಟು ಬಂದಿತ್ತು? ಕಳೆದ ಟೆಸ್ಟ್‌ನಲ್ಲಿ ನಾನು ತಪ್ಪಿದ್ದೆಲ್ಲಿ? ಮೂರನೇ ಪ್ರಶ್ನೆಯ ಉತ್ತರ ಬ್ಯಾಗಿನಲ್ಲಿರುವ ಹಳೇ ಬ್ಲೂ ಬುಕ್‌ನಲ್ಲೇ ಇದೆ.

ನಮ್ಮ ಹೊಂಡ ಈ ಮಳೆಗಾಲ ಅರ್ಧ ತುಂಬಿದೆ. ಬೇಸಿಗೆಗೆ ಸಾಕಾಗುತ್ತಾ ಅಂತ ಅಬ್ಬಾ ಕೇಳಿದರು. ದಾದಾ ಹೇಳಿದ್ದು ಇಷ್ಟೇ: "ಊಹೆ ಮಾಡಬೇಡ. ವಾರಕ್ಕೊಂದು ಸಲ ಅಳೆದು ಬರೆದಿಡು." ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರವೇ ಇದೆ. ಊರಿಗೆ ಹೋದಾಗೆಲ್ಲ ಬರೀತಿದ್ದೀನಿ.