ಮಾಂಟೆ ಕಾರ್ಲೊ: ಕೆಂಪು ಅಂಕಣದ ಹಿರಿಯ ಟೂರ್ನಿ

ಟೆನಿಸ್ ನೋಡುವುದನ್ನು ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ನಾನು ವಿಂಬಲ್ಡನ್ ಹೆಸರು ಹೇಳುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ನಡೆಯುವ ಮಾಂಟೆ ಕಾರ್ಲೊ ಟೂರ್ನಿ ನೋಡಿ ಎನ್ನುತ್ತೇನೆ. ವಿಂಬಲ್ಡನ್‌ನ ಹುಲ್ಲಿನ ಮೇಲೆ ಚೆಂಡು ತಗ್ಗಾಗಿ ಜಾರಿಕೊಂಡು ಹೋಗುತ್ತದೆ. ಹೊಸಬರ ಕಣ್ಣು ಪಳಗುವ ಮೊದಲೇ ಪಾಯಿಂಟ್ ಮುಗಿದಿರುತ್ತದೆ. ಮಾಂಟೆ ಕಾರ್ಲೊದ ಕೆಂಪು ನೆಲದಲ್ಲಿ ಹಾಗಾಗುವುದು ಕಡಿಮೆ. ಅಲ್ಲಿ ಚೆಂಡು ಬಿದ್ದು ಮೇಲೆದ್ದು, ಆಟಗಾರನಿಗೂ ನೋಡುಗನಿಗೂ ಯೋಚಿಸಲು ಒಂದಿಷ್ಟು ಹೊತ್ತು ಕೊಡುತ್ತದೆ.

ನಮ್ಮ ಹನೂರು ಭಾಗದ ಕೌದಳ್ಳಿಯ ಮಕ್ಕಳಿಗೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಟೆನಿಸ್ ಮಾತ್ರ ಬೆಂಗಳೂರು, ಮೈಸೂರಿನ ಕ್ಲಬ್ಬಿನವರ ಆಟ ಎಂಬ ಭಾವನೆ ಹನೂರು, ಕೊಳ್ಳೇಗಾಲದ ಕಡೆ ಇನ್ನೂ ಇದೆ. ಆ ದೂರ ಸ್ವಲ್ಪವಾದರೂ ಕಡಿಮೆಯಾಗಲಿ ಎಂಬುದೇ ಈ ಬರಹದ ಆಸೆ. ಟೆನಿಸ್ ಪಂದ್ಯವನ್ನು ಒಮ್ಮೆಯೂ ಪೂರ್ತಿ ನೋಡದವರು ಓದುತ್ತಿದ್ದಾರೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ಗೇಮ್‌ನಲ್ಲಿ ಮೊದಲ ಪಾಯಿಂಟಿಗೆ 15, ಎರಡನೆಯದಕ್ಕೆ 30, ಮೂರನೆಯದಕ್ಕೆ 40. ಅದರ ಮೇಲೊಂದು ಪಾಯಿಂಟ್ ಬಂದರೆ ಗೇಮ್ ನಿಮ್ಮದು. ಇಬ್ಬರೂ 40ರಲ್ಲಿ ಸಮ ನಿಂತರೆ ಸತತ ಎರಡು ಪಾಯಿಂಟ್ ಗೆಲ್ಲಬೇಕು. ಕನಿಷ್ಠ ಎರಡು ಗೇಮ್‌ಗಳ ಅಂತರದಲ್ಲಿ ಆರು ಗೇಮ್ ಗೆದ್ದವನಿಗೆ ಸೆಟ್. 6-6 ಆದರೆ ಸೆಟ್ ತೀರ್ಮಾನಿಸಲು ಟೈಬ್ರೇಕರ್ ಎಂಬ ಒಂದು ವಿಶೇಷ ಗೇಮ್. ಮಾಂಟೆ ಕಾರ್ಲೊದಲ್ಲಿ ಎರಡು ಸೆಟ್ ಗೆದ್ದವನಿಗೆ ಪಂದ್ಯ. ಇಷ್ಟು ಗೊತ್ತಿದ್ದರೆ ನೋಡಲು ಕೂರಬಹುದು, ಉಳಿದದ್ದು ನೋಡುತ್ತ ನೋಡುತ್ತ ಬರುತ್ತದೆ.

ನೆಲದ ವಿಚಾರವನ್ನು ಮಾತ್ರ ನಿಧಾನವಾಗಿ ತಿಳಿಯಬೇಕು, ಈ ಟೂರ್ನಿಯ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಪತ್ರಿಕೆಗಳು ‘ಆವೆ ಮಣ್ಣಿನ ಅಂಕಣ’ ಎಂದು ಬರೆಯುತ್ತವೆ. ಯುರೋಪಿನ ಕೆಂಪು ಅಂಕಣದಲ್ಲಿ ಮೇಲೆ ಕಾಣುವುದು ಸುಟ್ಟ ಇಟ್ಟಿಗೆಯ ಪುಡಿ. ಅದರ ದಪ್ಪ ಒಂದೆರಡು ಮಿಲಿಮೀಟರ್ ಅಷ್ಟೆ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಆ ಪುಡಿಯ ಕೆಳಗೆ ಸುಣ್ಣದ ಕಲ್ಲಿನ ಪುಡಿಯ ಪದರ, ಅದರಡಿ ಕಲ್ಲಿದ್ದಲು ಉರಿದು ಉಳಿದ ಕಿಟ್ಟದ ಪದರ, ಅದಕ್ಕೂ ಕೆಳಗೆ ಜಲ್ಲಿ, ದಪ್ಪ ಕಲ್ಲು. ನೀರು ಕೆಳಗಿಳಿಯಬೇಕು, ಆದರೆ ಮೇಲಿನ ಪದರ ಪೂರ್ತಿ ಒಣಗಿ ಹಾರಿಹೋಗಬಾರದು. ಅದಕ್ಕೇ ಸಿಬ್ಬಂದಿ ದಿನವೂ ನೀರು ಚಿಮುಕಿಸುತ್ತಾರೆ, ಬಲೆಯಂಥ ಚಾಪೆ ಎಳೆದು ನೆಲ ಸಮ ಮಾಡುತ್ತಾರೆ, ಪೊರಕೆ ಹಿಡಿದು ಬಿಳಿ ಗೆರೆಗಳನ್ನು ಗುಡಿಸುತ್ತಾರೆ. ಪಂದ್ಯದ ನಡುವೆ ಈ ಕೆಲಸ ನಡೆಯುವಾಗ ಟಿವಿ ಆರಿಸಬೇಡಿ. ಮುಂದಿನ ಸೆಟ್ಟಿನಲ್ಲಿ ಚೆಂಡು ಹೇಗೆ ಏಳುತ್ತದೆ ಎಂಬುದು ಆ ಕೈಗಳಲ್ಲಿರುತ್ತದೆ.

ಪುಡಿಗೆ ತಾಗಿದ ಚೆಂಡು ನೆಲವನ್ನು ಕಚ್ಚಿಕೊಳ್ಳುತ್ತದೆ. ಘರ್ಷಣೆ ಹೆಚ್ಚು, ಆದ್ದರಿಂದ ಮುಂದಕ್ಕೆ ಹೋಗುವ ವೇಗ ಕುಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ. ಚೆಂಡಿಗೆ ಮೇಲಿನಿಂದ ಮುಂದಕ್ಕೆ ತಿರುಗುವ ಸುತ್ತು ಕೊಟ್ಟರೆ, ಅಂದರೆ ಟಾಪ್‌ಸ್ಪಿನ್ ಹಾಕಿದರೆ, ಅದು ಎದುರಾಳಿಯ ಭುಜದ ಎತ್ತರಕ್ಕೆ ಹಾರುತ್ತದೆ. ಪಾಯಿಂಟ್ ಶುರುಮಾಡುವ ಹೊಡೆತಕ್ಕೆ ಸರ್ವ್ ಎನ್ನುತ್ತಾರೆ; ಬಿರುಸಾದ ಸರ್ವ್ ಒಂದರಿಂದಲೇ ಇಲ್ಲಿ ಬದುಕಲಾಗದು. ಎದುರಾಳಿ ಹೇಗೋ ಓಡಿ, ಜಾರಿ, ಚೆಂಡನ್ನು ಹಿಂದಿರುಗಿಸುತ್ತಾನೆ. ಹೀಗೆ ಜಾರುವುದು ಇಲ್ಲಿ ಒಂದು ವಿದ್ಯೆ: ಕಾಲು ಜಾರುತ್ತಿರುವಾಗಲೇ ಹೊಡೆದು, ಜಾರುವುದು ನಿಲ್ಲುವ ಹೊತ್ತಿಗೆ ಮತ್ತೆ ಅಂಕಣದ ಮಧ್ಯಕ್ಕೆ ತಿರುಗಬೇಕು. ಚೆಂಡು ಬಿದ್ದ ಗುರುತೂ ನೆಲದ ಮೇಲೆ ಉಳಿಯುತ್ತದೆ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ ಆ ಗುರುತನ್ನು ನೋಡಿ ತೀರ್ಪು ಕೊಡುವುದು ಕೆಂಪು ಅಂಕಣದ ಹಳೆಯ ಪದ್ಧತಿ. 2025ರಿಂದ ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆಯಾದ ಎಟಿಪಿಯ ಟೂರ್ನಿಗಳಲ್ಲಿ ಆ ಕೆಲಸವನ್ನು ಕ್ಯಾಮೆರಾಗಳು ಮಾಡುತ್ತಿವೆ.

ನಮ್ಮ ದೇಶದ ಹಳೆಯ ಮಣ್ಣಿನ ಅಂಕಣಗಳ ದಾರಿ ಬೇರೆಯಾಗಿತ್ತು. ಸುಗ್ಗಿಯಲ್ಲಿ ಕಣ ಸಾರಿಸಿದಂತೆ ಸಗಣಿ ನೀರು ಹಾಕಿ ಸಾರಿಸಿದ ಅಂಕಣಗಳಲ್ಲಿ ಹಿಂದಿನ ತಲೆಮಾರಿನವರು ಆಡಿದರು. ಆ ನೆಲ ಗಟ್ಟಿ. ಇಟ್ಟಿಗೆ ಪುಡಿಯಷ್ಟು ಚೆಂಡನ್ನು ತಡೆಯುವುದಿಲ್ಲ. ಯುರೋಪಿನ ಕೆಂಪು ನೆಲ ನಮ್ಮ ಆಟಗಾರರಿಗೆ ಕಷ್ಟವಾಗುತ್ತ ಬಂದದ್ದರಲ್ಲಿ ಈ ವ್ಯತ್ಯಾಸದ ಪಾಲೂ ಇದೆ ಎಂದು ನನ್ನ ಎಣಿಕೆ.

ಇಟ್ಟಿಗೆ ಪುಡಿ ಟೆನಿಸ್‌ಗೆ ಬಂದ ಬಗೆಗೆ ಒಂದು ಕಥೆ ಪ್ರಚಲಿತವಾಗಿದೆ. ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಶಾ ಎಂಬ ಇಂಗ್ಲಿಷ್ ಅವಳಿ ಸಹೋದರರು ಚಳಿಗಾಲ ಕಳೆಯಲು ಫ್ರಾನ್ಸಿನ ದಕ್ಷಿಣ ಕರಾವಳಿಯ ಕಾನ್‌ಗೆ ಹೋಗುತ್ತಿದ್ದರು. ವಿಲಿಯಂ ವಿಂಬಲ್ಡನ್ ಸಿಂಗಲ್ಸ್ ಅನ್ನು ಏಳು ಬಾರಿ ಗೆದ್ದವನು. ಕಾನ್‌ನ ಬಿಸಿಲಿಗೆ ಹುಲ್ಲು ಸುಟ್ಟುಹೋಗುತ್ತಿತ್ತು. ಪಕ್ಕದ ವಲೊರಿಸ್ ಊರು ಕುಂಬಾರಿಕೆಗೆ ಹೆಸರಾದದ್ದು. ಅಲ್ಲಿ ಕೆಟ್ಟುಹೋದ ಮಡಕೆಗಳನ್ನು ಪುಡಿ ಮಾಡಿಸಿ ಆ ಸಹೋದರರು ಅಂಕಣಕ್ಕೆ ಹರಡಿಸಿದರಂತೆ. ಕಾಲ 1880ರ ಸುಮಾರು.

ಅದೇ ಕಡಲ ದಂಡೆಯಲ್ಲಿ ಪೂರ್ವಕ್ಕೆ ಹೋದರೆ ಮೊನಾಕೊ ಸಿಗುತ್ತದೆ. ಹೆಚ್ಚುಕಡಿಮೆ ಎರಡು ಚದರ ಕಿಲೋಮೀಟರ್‌ನ ಪುಟ್ಟ ರಾಜ್ಯ, ಮಾಂಟೆ ಕಾರ್ಲೊ ಅದರದೇ ಒಂದು ಭಾಗ. ಅಲ್ಲಿ 1897ರಲ್ಲಿ ಈ ಟೂರ್ನಿ ಶುರುವಾಯಿತು. ಇಟಲಿಯ ಆವೆ ಮಣ್ಣಿನ ಚಾಂಪಿಯನ್‌ಷಿಪ್ ಆರಂಭವಾದದ್ದು 1930ರಲ್ಲಿ. ಅಮೆರಿಕದ ಪುರುಷರ ಕ್ಲೇ ಕೋರ್ಟ್, ಅಂದರೆ ಆವೆ ಮಣ್ಣಿನ, ಚಾಂಪಿಯನ್‌ಷಿಪ್ 1910ರಲ್ಲಿ ಒಮಾಹಾದಲ್ಲಿ ಮೊದಲ ಬಾರಿ ನಡೆದು, ಊರೂರು ಸುತ್ತಿ ಈಗ ಹ್ಯೂಸ್ಟನ್‌ನಲ್ಲಿದೆ. ಅವೆರಡಕ್ಕೂ ಮಾಂಟೆ ಕಾರ್ಲೊ ಹಿರಿಯಣ್ಣ.

ಮೊದಲ ಹತ್ತು ವರ್ಷ ಪ್ರಶಸ್ತಿ ಒಂದೇ ಮನೆಯಲ್ಲಿ ಉಳಿಯಿತು. ಇಂಗ್ಲೆಂಡಿನ ರೆಜಿ ಡೊಹರ್ಟಿ ಆರು ಸಲ, ತಮ್ಮ ಲಾರಿ ಡೊಹರ್ಟಿ ನಾಲ್ಕು ಸಲ ಗೆದ್ದರು. ಆಮೇಲೆ ಬಂದವನು ನ್ಯೂಜಿಲೆಂಡ್‌ನ ಆಂಟನಿ ವೈಲ್ಡಿಂಗ್. 1908ರಲ್ಲಿ ಒಮ್ಮೆ, 1911ರಿಂದ 1914ರವರೆಗೆ ಸತತ ನಾಲ್ಕು ಸಲ ಪ್ರಶಸ್ತಿ ಎತ್ತಿದ. ಮರುವರ್ಷ ಮೇ ತಿಂಗಳಲ್ಲಿ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದ ಮೇಲೇ ಸತ್ತ. ಆಗ ಅವನಿಗೆ 31 ವರ್ಷ. ಈ ಟೂರ್ನಿಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಹೆಸರು ಇದು.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಆಟ ನಿಂತಿತು. ನಡುವೆ 1928ರಲ್ಲಿ ಮಾಂಟೆ ಕಾರ್ಲೊ ಕಂಟ್ರಿ ಕ್ಲಬ್ ಉದ್ಘಾಟನೆಯಾಗಿ ಟೂರ್ನಿಗೆ ಖಾಯಂ ಮನೆ ದೊರೆಯಿತು. ಆ ಕ್ಲಬ್ ಇರುವುದು ಮೊನಾಕೊದ ಗಡಿಯಾಚೆ, ಫ್ರಾನ್ಸಿನ ರೋಕ್‌ಬ್ರೂನ್-ಕಾಪ್-ಮಾರ್ಟಾನ್ ಊರಿನಲ್ಲಿ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಂಕಣಗಳು, ಕೆಳಗೆ ಮೆಡಿಟರೇನಿಯನ್ ಸಮುದ್ರ. ಟಿವಿಯಲ್ಲಿ ಮೊದಲ ಸಲ ನೋಡುವವರು ಆಟ ಬಿಟ್ಟು ಸಮುದ್ರವನ್ನೇ ನೋಡುತ್ತಾರೆ. ನೋಡಲಿ ಬಿಡಿ, ತಪ್ಪೇನಿಲ್ಲ.

ವೃತ್ತಿಪರರ ಕಾಲ ಬಂದ ಮೇಲೆ ರುಮೇನಿಯದ ಇಲಿ ನಸ್ತಾಸೆ 1971ರಿಂದ ಮೂರು ವರ್ಷ ಗೆದ್ದ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ 1977, 1979, 1980ರಲ್ಲಿ ಗೆದ್ದ. ಎಳೆಯ ವಯಸ್ಸಿನಲ್ಲೇ ಆಟ ಬಿಟ್ಟಿದ್ದ ಬೋರ್ಗ್ 1991ರಲ್ಲಿ ಮರಳಿ ಬಂದಾಗ ಆರಿಸಿಕೊಂಡದ್ದೂ ಇದೇ ಟೂರ್ನಿಯನ್ನು. ಎಲ್ಲರ ಕೈಗೂ ಹೊಸ ಕಾಲದ ಹಗುರ ರ‍್ಯಾಕೆಟ್ ಬಂದಿದ್ದ ಆ ಹೊತ್ತಿನಲ್ಲಿ ಅವನು ಹಳೆಯ ಮರದ ರ‍್ಯಾಕೆಟ್ ಹಿಡಿದು ಬಂದು, ಸ್ಪೇನಿನ ಜೋರ್ಡಿ ಅರೆಸೆಗೆ 2-6, 3-6ರಿಂದ ಸೋತ. ಎಂಥ ಪ್ರತಿಭೆಯನ್ನೂ ಕಾಲ ಹಿಂದೆ ಬಿಟ್ಟುಹೋಗಬಲ್ಲದು ಎಂಬುದನ್ನು ಆ ಒಂದು ಪಂದ್ಯ ತೋರಿಸಿತು.

ಇನ್ನು ಸ್ಪೇನಿನ ರಫೆಲ್ ನಡಾಲ್. 2005ರಲ್ಲಿ, 18 ವರ್ಷದ ಹುಡುಗ, ಹಿಂದಿನ ವರ್ಷದ ಚಾಂಪಿಯನ್ ಗಿಯೆರ್ಮೊ ಕೊರಿಯಾನನ್ನು ಫೈನಲ್‌ನಲ್ಲಿ ಸೋಲಿಸಿದ. ಅಲ್ಲಿಂದ 2012ರವರೆಗೆ ಸತತ ಎಂಟು ಪ್ರಶಸ್ತಿ. 46 ಪಂದ್ಯಗಳ ಆ ಗೆಲುವಿನ ಸರಪಳಿಯನ್ನು 2013ರ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ತುಂಡರಿಸಿದ. ನಡಾಲ್ ಮತ್ತೆ 2016, 2017, 2018ರಲ್ಲಿ ಗೆದ್ದು ಒಟ್ಟು ಲೆಕ್ಕವನ್ನು 11ಕ್ಕೆ ಒಯ್ದ. ಅವನ ಎಡಗೈಯ ಟಾಪ್‌ಸ್ಪಿನ್ ಈ ನೆಲದಲ್ಲಿ ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್ ಕಡೆ, ಅಂದರೆ ಅವನ ಎಡಬದಿಯಲ್ಲಿ, ಹೆಗಲಿಗಿಂತ ಮೇಲೇಳುತ್ತಿತ್ತು. ಅಷ್ಟು ಎತ್ತರದಲ್ಲಿ ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವುದು ಬಹಳ ಕಷ್ಟ. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್‌ಗೆ ಆದದ್ದು ಅದೇ. 2006, 2007, 2008ರ ಮೂರೂ ಫೈನಲ್‌ಗಳಲ್ಲಿ ಅವನು ನಡಾಲ್‌ಗೆ ಸೋತ, 2014ರ ಫೈನಲ್‌ನಲ್ಲಿ ತನ್ನ ದೇಶದವನೇ ಆದ ಸ್ಟಾನ್ ವಾವ್ರಿಂಕಾಗೆ ಸೋತ. ಎಂಟು ವಿಂಬಲ್ಡನ್ ಗೆದ್ದವನಿಗೆ ಮಾಂಟೆ ಕಾರ್ಲೊ ಒಮ್ಮೆಯೂ ಒಲಿಯಲಿಲ್ಲ. ನೆಲ ಬದಲಾದರೆ ಆಟ ಎಷ್ಟು ಬದಲಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲಿನ ವರ್ಷಗಳಲ್ಲಿ 2020ರ ಟೂರ್ನಿಯನ್ನು ಕೊರೊನಾ ನುಂಗಿತು. ಗ್ರೀಸಿನ ಸ್ಟೆಫಾನೊಸ್ ಸಿಟ್ಸಿಪಾಸ್ 2021, 2022, 2024ರಲ್ಲಿ ಗೆದ್ದ; 2025ರಲ್ಲಿ ಸ್ಪೇನಿನ ಕಾರ್ಲೋಸ್ ಅಲ್ಕರಾಜ್ ಮೊದಲ ಸಲ ಗೆದ್ದ.

ಇದೆಲ್ಲ ದೂರದವರ ಕಥೆ ಅನ್ನಿಸಿದರೆ ಇನ್ನು ಮುಂದಿನದನ್ನು ಗಮನವಿಟ್ಟು ಓದಿ. 2017ರ ಏಪ್ರಿಲ್ 23ರ ಭಾನುವಾರ ನಡಾಲ್ ಮಾಂಟೆ ಕಾರ್ಲೊದಲ್ಲಿ ಹತ್ತನೇ ಪ್ರಶಸ್ತಿ ಗೆದ್ದ. ಮರುದಿನ ಜಗತ್ತಿನ ಪತ್ರಿಕೆಗಳ ತುಂಬ ಅವನೇ. ಅದೇ ಭಾನುವಾರ ಅದೇ ಕ್ಲಬ್ಬಿನಲ್ಲಿ, ಇಬ್ಬಿಬ್ಬರು ಜೋಡಿಯಾಗಿ ಆಡುವ ಪುರುಷರ ಡಬಲ್ಸ್ ಗೆದ್ದವರಲ್ಲಿ ಒಬ್ಬರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಜೊತೆಗಾರ ಉರುಗ್ವೆಯ ಪಾಬ್ಲೊ ಕ್ಯುವಾಸ್. ಸ್ಪೇನಿನ ಫೆಲಿಸಿಯಾನೊ ಲೋಪೆಜ್ ಮತ್ತು ಮಾರ್ಕ್ ಲೋಪೆಜ್ ವಿರುದ್ಧ 6-3, 3-6, 10-4ರ ಜಯ. ಕೊನೆಯ 10-4 ಏನೆಂದರೆ, ಈ ಟೂರ್ನಿಯ ಡಬಲ್ಸ್‌ನಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕರ್ ಆಡಿಸುತ್ತಾರೆ.

ಬೋಪಣ್ಣ ಅವರ ಮುಖ್ಯ ಅಸ್ತ್ರ ಸರ್ವ್. ಕೆಂಪು ನೆಲ ಸರ್ವ್‌ನ ಬಿರುಸನ್ನು ತಗ್ಗಿಸುತ್ತದೆ ಎಂದು ಮೇಲೆ ಹೇಳಿದೆನಲ್ಲ, ಹಾಗಾದರೆ ಅವರು ಗೆದ್ದದ್ದು ಹೇಗೆ? ಡಬಲ್ಸ್‌ನಲ್ಲಿ ಒಬ್ಬ ಸರ್ವ್ ಮಾಡುವಾಗ ಇನ್ನೊಬ್ಬ ನೆಟ್ ಬಳಿ ನಿಂತಿರುತ್ತಾನೆ. ಸರ್ವ್‌ಗೆ ಎದುರಾಳಿ ಅರೆಮನಸ್ಸಿನ ಉತ್ತರ ಕೊಟ್ಟರೂ ಸಾಕು, ನೆಟ್ ಬಳಿಯವನು ಅಡ್ಡಬಂದು ಮುಗಿಸುತ್ತಾನೆ. ಕ್ಯುವಾಸ್ ಈ ನೆಲದಲ್ಲೇ ಪಳಗಿದವ; 2008ರಲ್ಲಿ ಫ್ರೆಂಚ್ ಓಪನ್ ಡಬಲ್ಸ್ ಗೆದ್ದವ. ಒಬ್ಬರ ಸರ್ವ್, ಇನ್ನೊಬ್ಬನ ನೆಲದ ಅನುಭವ ಎರಡೂ ಕೂಡಿದ್ದರಿಂದ ಆ ಜೋಡಿ ಗೆದ್ದಿತು ಎಂದು ನನಗನ್ನಿಸುತ್ತದೆ. ಎರಡು ತಿಂಗಳೊಳಗೆ ಬೋಪಣ್ಣ ಕೆನಡಾದ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಸೋಲಿಗೆ ಒಂದೇ ಪಾಯಿಂಟ್ ದೂರದಲ್ಲಿ ಎರಡು ಸಲ ಪಾರಾಗಿ ಗೆದ್ದ ಆ ಪ್ರಶಸ್ತಿ ಅವರ ಮೊದಲ ಗ್ರ್ಯಾನ್‌ಸ್ಲಾಮ್, ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದರ ಪ್ರಶಸ್ತಿ. ಅಲ್ಲೂ ನೆಲ ಕೆಂಪೇ. 2025ರ ಏಪ್ರಿಲ್‌ನಲ್ಲಿ, 45 ದಾಟಿದ ಮೇಲೆ, ಅಮೆರಿಕದ ಬೆನ್ ಶೆಲ್ಟನ್ ಜೊತೆಗೂಡಿ ಮಾಂಟೆ ಕಾರ್ಲೊದಲ್ಲಿ ಒಂದು ಪಂದ್ಯ ಗೆದ್ದು, ಗ್ರ್ಯಾನ್‌ಸ್ಲಾಮ್‌ಗಳ ನಂತರದ ಹಂತವಾದ ಮಾಸ್ಟರ್ಸ್ 1000 ಮಟ್ಟದಲ್ಲಿ ಪಂದ್ಯ ಗೆದ್ದ ಅತಿ ಹಿರಿಯ ಆಟಗಾರರಾದರು. ಅದೇ ವರ್ಷ ನವೆಂಬರ್‌ನಲ್ಲಿ ವಿದಾಯ ಹೇಳಿದರು. ಕರ್ನಾಟಕ ಅವರನ್ನು ಇನ್ನೂ ಹೆಚ್ಚು ಸಂಭ್ರಮಿಸಬೇಕಿತ್ತು ಎಂಬ ಕೊರಗು ನನ್ನದು.

ಅವರಿಗಿಂತ ಮೊದಲು ಬೆಂಗಳೂರಿನ ಮಹೇಶ್ ಭೂಪತಿ ಈ ದಾರಿ ತೆರೆದಿದ್ದರು. 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2003ರಲ್ಲಿ ಬೆಲಾರುಸ್‌ನ ಮ್ಯಾಕ್ಸ್ ಮಿರ್ನಿ ಜೊತೆ ಮಾಂಟೆ ಕಾರ್ಲೊ ಡಬಲ್ಸ್ ಗೆದ್ದರು. ಅವರು ಬೆಂಗಳೂರಿನಲ್ಲಿ ನಡೆಸಿದ ತರಬೇತಿಗೆ ಹರಿಯಾಣದಿಂದ ಬಂದ ಹುಡುಗ ಸುಮಿತ್ ನಾಗಲ್. 2024ರಲ್ಲಿ ಆತ ಅರ್ಹತಾ ಸುತ್ತು ದಾಟಿ ಮಾಂಟೆ ಕಾರ್ಲೊ ಸಿಂಗಲ್ಸ್‌ನ ಮುಖ್ಯ ಸುತ್ತಿಗೆ ಬಂದ. 1982ರಲ್ಲಿ ರಮೇಶ್ ಕೃಷ್ಣನ್ ಆಡಿದ ಮೇಲೆ ಭಾರತೀಯರೊಬ್ಬರು ಅಲ್ಲಿಗೆ ಬಂದದ್ದು ಅದೇ ಮೊದಲು. ಮೊದಲ ಪಂದ್ಯದಲ್ಲಿ ಇಟಲಿಯ ಮಟೆಯೊ ಅರ್ನಾಲ್ಡಿಯನ್ನು ಸೋಲಿಸಿ, ಆವೆ ಮಣ್ಣಿನ ಮಾಸ್ಟರ್ಸ್ ಟೂರ್ನಿಯೊಂದರ ಮುಖ್ಯ ಸುತ್ತಿನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯನಾದ.

ನೋಡುವಾಗ ಏನು ಗಮನಿಸಬೇಕು? ಮೊದಲ ದಿನ ಚೆಂಡನ್ನು ಮರೆತು ಒಬ್ಬನೇ ಆಟಗಾರನ ಕಾಲುಗಳನ್ನು ನೋಡಿ. ಯಾವಾಗ ಜಾರುತ್ತಾನೆ, ಹೊಡೆದ ಮೇಲೆ ಎಲ್ಲಿಗೆ ಹಿಂದಿರುಗುತ್ತಾನೆ ಎಂಬುದು ತಿಳಿದರೆ ಅರ್ಧ ಆಟ ತಿಳಿದಂತೆ. ಮರುದಿನ, ಯಾರು ಯಾರನ್ನು ಅಂಕಣದ ಮೂಲೆಗೆ ಎಳೆಯುತ್ತಿದ್ದಾರೆ ಎಂದು ನೋಡಿ. ಗೆಲುವಿನ ಹೊಡೆತಕ್ಕಿಂತ ಮೂರು ನಾಲ್ಕು ಹೊಡೆತ ಮೊದಲೇ ಪಾಯಿಂಟ್ ತೀರ್ಮಾನವಾಗಿರುತ್ತದೆ. ಡ್ರಾಪ್ ಶಾಟ್ ಈ ನೆಲದ ದೊಡ್ಡ ಮಾಯೆ: ಎದುರಾಳಿ ಹಿಂದೆ ಸರಿದು ನಿಂತಾಗ ಚೆಂಡನ್ನು ನೆಟ್‌ನ ಪಕ್ಕದಲ್ಲೇ ಮೆಲ್ಲಗೆ ಇಳಿಬಿಡುವುದು. ಮೊನಾಕೊದಲ್ಲಿ ಬೆಳಿಗ್ಗೆ 11 ಗಂಟೆಗೆ ಆರಂಭವಾಗುವ ಆಟ ನಮಗೆ ಮಧ್ಯಾಹ್ನ ಎರಡೂವರೆಗೆ ಬರುತ್ತದೆ. ಏಪ್ರಿಲ್ ಎಂದರೆ ಮಕ್ಕಳಿಗೆ ಬೇಸಿಗೆ ರಜೆ, ನಿದ್ದೆಗೆಡುವ ಅಗತ್ಯವಿಲ್ಲ.

ನಮ್ಮ ಭಾಗದ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಒಂದು ಕೇಳಿಕೆ. ಟೆನಿಸ್ ಅಂಕಣಕ್ಕೆ ಬೇಕಾದದ್ದು 78 ಅಡಿ ಉದ್ದ, 36 ಅಡಿ ಅಗಲದ ಗೆರೆಗಳು, ನಡುವೆ ಮೂರು ಅಡಿ ಎತ್ತರದ ನೆಟ್, ಓಡಾಡಲು ಸುತ್ತ ಒಂದಿಷ್ಟು ಜಾಗ. ಕೆಂಪು ಮಣ್ಣಿನ ಮೈದಾನ ನಮ್ಮಲ್ಲಿದೆ, ಗೆರೆ ಹಾಕಲು ಸುಣ್ಣದ ಪುಡಿ ಇದೆ. ವಾಲಿಬಾಲ್ ನೆಟ್ಟನ್ನೇ ಕೆಳಗಿಳಿಸಿ ಕಟ್ಟಿ, ನಾಲ್ಕು ಹಳೆಯ ರ‍್ಯಾಕೆಟ್ ಹೊಂದಿಸಿ, ಬೇಸಿಗೆ ಶಿಬಿರದಲ್ಲಿ ಒಂದು ವಾರ ಮಕ್ಕಳಿಗೆ ಆಡಲು ಕೊಡಿ.